ಕೆನ್ನೆಯಿಂದ ಕುತ್ತಿಗೆಗೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ ಅಮ್ಮನ ಪ್ರೀತಿ,

ಈ ಕಾಗದವನ್ನು ಮನೆಗೆ ಕಳಿಸದೆ ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿನ್ನ ಗಂಡನ ಕೈಗೆ ಸಿಗಬಾರದು. ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದು ನ್ಯಾಯವೇ, ಕೋಪ ಮಾಡಿಕೊಳ್ಳುವ ಮುಖ ನನಗಿಲ್ಲ.

ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತೂ ನಿಂತೂ ನನ್ನ ಭುಜ ಕಿವಿಗೆ ಅಂಟಿಕೊಂಡಿತ್ತಲ್ಲ, ಡಾಕ್ಟರಮ್ಮ ಮಾತ್ರೆ ಕೊಡುವ ಬದಲು ಬಾಡಿ ಸ್ಕ್ಯಾನ್ ಧ್ಯಾನದ ಕ್ಲಾಸಿಗೆ ಕಳಿಸಿದರು. ಸ್ಕ್ಯಾನ್ ಎಂದರೆ ಯಾವುದೋ ಯಂತ್ರದೊಳಗೆ ತೂರಿಸುತ್ತಾರೆ ಎಂದು ಹೆದರಿ ಓಲೆ ಬಿಚ್ಚಿಟ್ಟು ಹೋಗಿದ್ದೆ! ನೋಡಿದರೆ ಚಾಪೆಯ ಮೇಲೆ ಮಲಗುವುದಷ್ಟೆ. ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗಬೇಕು. ಎಲ್ಲಿ ಬಿಗಿ, ಎಲ್ಲಿ ನೋವು ಎಂದು ಸುಮ್ಮನೆ ನೋಡಬೇಕು, ಅದರ ಜೊತೆ ಗುದ್ದಾಡಬಾರದು. ಮೊದಲ ದಿನ ಮಂಡಿ ದಾಟುವಷ್ಟರಲ್ಲಿ ಗೊರಕೆ ಹೊಡೆದೆ. ಕಲಿಸುವ ಹುಡುಗಿ ನಗು ತಡೆಯಲಾರದೆ ಹೊರಗೆ ಎದ್ದುಹೋದಳಂತೆ.

ಆಮೇಲೆ ರುಚಿ ಹತ್ತಿತು. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡೇ ಬದುಕಿದ್ದೆ ಎಂಬುದು ದವಡೆ ಸಡಿಲವಾದ ದಿನವೇ ತಿಳಿದದ್ದು. ಒಳ್ಳೆಯ ನಿದ್ದೆ ಬರತೊಡಗಿತು. ಆದರೆ ಇನ್ನೊಂದೂ ತಿಳಿಯಿತು, ಬರೆಯಲು ನಾಚಿಕೆಯಾಗುತ್ತದೆ. ಫೋನಿನಲ್ಲಿ ನಿನ್ನ ಹೆಸರು ಕಂಡರೆ ಭುಜ ಮತ್ತೆ ಕಿವಿಗೆ ಏರುತ್ತಿತ್ತು. ಹೆತ್ತ ಮಗಳ ಕರೆಗೆ! ಇವತ್ತೂ ಅಳುತ್ತಾಳೆ, ಮತ್ತೆ ನನ್ನ ನಿದ್ದೆ ಹಾಳು ಎಂದು ಎಷ್ಟೋ ಸಲ ಎತ್ತದೇ ಬಿಟ್ಟೆ.

ಆ ದಿನ ಎತ್ತಿದೆ. ಅಮ್ಮಾ, ನಾನು ಮನೆಗೆ ಬಂದ್ಬಿಡ್ತೀನಿ ಎಂದು ನೀನು ಅತ್ತೆ. ನಾನು ಆಗಷ್ಟೇ ಚಾಪೆಯಿಂದ ಎದ್ದಿದ್ದೆ. ಬಾ ಮಗಳೇ ಅನ್ನುವುದು ಬಿಟ್ಟು, ದೊಡ್ಡ ಗುರುವಿನ ಹಾಗೆ, ಕಣ್ಣು ಮುಚ್ಕೊ, ನೋವು ಮೈಯಲ್ಲಿ ಎಲ್ಲಿದೆ ನೋಡ್ಕೊ ಅಂದೆ. ನೀನು, ಕೆನ್ನೇಲಿ ಎಂದೆ. ನಾನು, ಸರಿ, ಉಸಿರು ಬಿಡು, ಈಗ ಕುತ್ತಿಗೆಗೆ ಹೋಗು ಅಂದೆ. ನೀನು ಫೋನ್ ಇಟ್ಟುಬಿಟ್ಟೆ.

ಎರಡು ದಿನ ಬಿಟ್ಟು, ಲಾಂಡ್ರಿಯಲ್ಲಿ ಹಾಸು ಮಡಿಸುವಾಗ ಥಟ್ಟನೆ ಹೊಳೆಯಿತು, ಅವನು ನಿನಗೆ ಹೊಡೆದಿದ್ದಾನೆ ಎಂದು. ದಿನಾ ತನ್ನ ಹೆಬ್ಬೆರಳಿನ ಯೋಗಕ್ಷೇಮ ವಿಚಾರಿಸುವವಳು ಮಗಳ ಕೆನ್ನೆಯನ್ನು ದಾಟಿಕೊಂಡು ಹೋದಳಲ್ಲ! ಕಲಿಸುವ ಹುಡುಗಿಯ ಹತ್ತಿರ ಹೇಳಿಕೊಂಡು ಅತ್ತೆ. ಗಮನಿಸೋದು ಅಂದ್ರೆ ಸಹಿಸ್ಕೊಂಡು ಇರೋದಲ್ಲಮ್ಮಾ, ಸುಡ್ತಿದ್ರೆ ಕೈ ಎಳ್ಕೋಬೇಕು, ಮೊದ್ಲು ಮಗಳನ್ನ ಕರ್ಕೊಂಡು ಬನ್ನಿ ಎಂದಳು. ಅವಳು ಹೇಳಿದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ ನೋಡು, ನಿನ್ನನ್ನು ಕರೆತರಬೇಕೆಂಬುದೂ ನನಗೆ ತಾನಾಗಿ ಹೊಳೆಯಲಿಲ್ಲ.

ಗುರುವಾರ ನಿನ್ನ ಅಂಗಡಿ ಮುಚ್ಚುವ ಹೊತ್ತಿಗೆ ಬಾಗಿಲಲ್ಲೇ ನಿಂತಿರುತ್ತೇನೆ. ಬಟ್ಟೆಬರೆಗೆಂದು ಆ ಮನೆಗೆ ಹೋಗಬೇಡ, ನನ್ನದೇ ಉಟ್ಟುಕೊಂಡರಾಯಿತು. ಅವತ್ತು ನೀನು ಬರಲೊಪ್ಪದಿದ್ದರೆ ಶುಕ್ರವಾರವೂ ನಿಲ್ಲುತ್ತೇನೆ. ನನ್ನ ನಿದ್ದೆ ಕೆಟ್ಟರೆ ಕೆಡಲಿ. ಬಯ್ಯುವುದಿದ್ದರೆ ದಾರಿಯುದ್ದಕ್ಕೂ ಬಯ್ಯಿ, ಕೇಳಿಸಿಕೊಳ್ಳುತ್ತೇನೆ.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ಎರಡು ದಿನ ಬಿಟ್ಟು ಹೊಳೆಯಿತು ಎಂದು ಮೇಲೆ ಬರೆದದ್ದು ಸುಳ್ಳು. ನೀನು ಕೆನ್ನೆ ಎಂದ ಕೂಡಲೇ ನನಗೆ ಅರ್ಥವಾಗಿತ್ತು. ಅರ್ಥವಾಗಿಯೇ, ಕುತ್ತಿಗೆಗೆ ಹೋಗು ಅಂದೆ.