ಕೃತಜ್ಞತೆಯ ನಂತರದ ಮಾತು

ಮಾರ್ಚ್ ೨, ಬೆಳಿಗ್ಗೆ

ಹಿತ್ತಾಳೆಯ ಕೈಗಂಟೆಯನ್ನು ಉಜ್ಜಿ ಒರೆಸಿಟ್ಟೆ. ತರಗತಿಯಲ್ಲಿ ನಾನು ಬಾರಿಸುತ್ತಿದ್ದ ಗಂಟೆಯೇ, ನಿವೃತ್ತಿಯ ದಿನ ಶಾಲೆಯವರು ಕೊಟ್ಟದ್ದು. ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. "ಕಾಫಿಗೆ ಗಂಟೆ ಬಾರಿಸಿದ್ರೆ ನಾನು ತವರಿಗೆ ಹೊರಟೆ" ಎಂದು ಮನೆಯವಳು ಮೊದಲೇ ಎಚ್ಚರಿಸಿದ್ದಾಳೆ.

ಈಗ ಕೆಲಸ ಬಂದಿದೆ. ನೀರಿನ ಯೋಜನೆಯ ಇಂಜಿನಿಯರು ಬಂದಿದ್ದರು. ಯೋಜನೆಗೆ ಸಾಲ ಕೊಡುವ ವಿದೇಶೀ ಬ್ಯಾಂಕಿನವರು ಜನಾಭಿಪ್ರಾಯ ಕೇಳಲು ಹದಿನೈದರಂದು ಬರುತ್ತಾರಂತೆ. ಸಭೆಗೆ ನಾನೇ ಅಧ್ಯಕ್ಷ.

"ನಿಮ್ಮಂಥ ಶಿಸ್ತಿನವರೇ ಬೇಕು ಸಾರ್. ಬೇರೆಯವರಾದ್ರೆ ಸಂತೆ ಮಾಡಿಬಿಡ್ತಾರೆ."

ಒಪ್ಪಿದೆ. ಸಂತೋಷವಾಯಿತು.

ಮಾರ್ಚ್ ೬

ಯೋಜನೆ ಇಷ್ಟೇ — ಮನೆಮನೆಗೆ ಮೀಟರಿನ ನಲ್ಲಿ. ಸಾಲದ ಷರತ್ತು: ಬೀದಿಯ ಪುಕ್ಕಟೆ ನಲ್ಲಿಗಳನ್ನು ಮುಚ್ಚಬೇಕು. ನಮ್ಮ ಮನೆಗೆ ಮೀಟರು ಬಂದು ವರ್ಷವಾಯಿತು. ಹಿಂದಿನ ಓಣಿಯವರಿಗೆ ಬೀದಿ ನಲ್ಲಿಯೇ ಗತಿ. ಎಲ್ಲವೂ ಬಾಡಿಗೆ ಕೋಣೆಗಳು. ಮಾಲೀಕನ ಸಹಿ ಇಲ್ಲದೆ ಮೀಟರಿಲ್ಲ, ಮಾಲೀಕ ಸಹಿ ಹಾಕುವವನಲ್ಲ.

ಸಂಜೆ ಗಿರಗಿಟ್ಲೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ತರಗತಿಯಲ್ಲಿ ಒಂದೆಡೆ ಕೂತವಳಲ್ಲ, ಆ ಹೆಸರು ನಾನಿಟ್ಟದ್ದೇ. ಈಗ ಅದೇ ನಲ್ಲಿಯ ನೀರಿನಲ್ಲಿ ಮನೆಮನೆಯ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಸಂಸಾರ ನಡೆಸುತ್ತಾಳೆ. ನನ್ನ ಅಂಗಿಗಳೂ ಅವಳ ಕೈಯಲ್ಲೇ ಬೆಳ್ಳಗಾಗುವುದು.

"ಮೇಷ್ಟ್ರೇ, ಓಣಿಯವರೆಲ್ಲ ನೀನೇ ಮಾತಾಡು ಅಂತಿದಾರೆ. ಎದ್ದು ನಿಂತು, ನಮ್ಮ ನಲ್ಲಿ ಮುಟ್ಬೇಡಿ ಅಂದ್ಬಿಡ್ತೀನಿ. ಸಾಕಲ್ವಾ?"

"ಅದು ಭಾಷಣವೇನೇ? ಜಗಳ."

"ಜಗಳಾನೇ ಮೇಷ್ಟ್ರೇ!"

ನಕ್ಕಳು. ನಾನು ನಗಲಿಲ್ಲ. ಅತಿಥಿಗಳೆದುರು ಮಾತಿಗೊಂದು ಕ್ರಮವಿದೆ. ಮೊದಲು ವಂದನೆ, ಆಮೇಲೆ ಕೃತಜ್ಞತೆ, ಕೊನೆಗೆ ವಿನಂತಿ. ನಾನೇ ಬರೆದುಕೊಡುತ್ತೇನೆಂದೆ.

ಮಾರ್ಚ್ ೧೧

ದಿನವೂ ಸಂಜೆ ಕಂಠಪಾಠ. "ತಮ್ಮ ಔದಾರ್ಯಕ್ಕೆ ನಮ್ಮ ಓಣಿಯ ಮಹಿಳೆಯರು ಚಿರಋಣಿಗಳು" ಎಂಬಲ್ಲಿ ನಾಲಿಗೆ ತೊಡರುತ್ತಿತ್ತು.

"ಯಾವ ಔದಾರ್ಯ ಮೇಷ್ಟ್ರೇ? ಇರೋದನ್ನ ಕಿತ್ಕೊಳ್ಳೋಕೆ ಬರ್ತಿದಾರೆ."

"ಹೇಳಿಕೊಟ್ಟಷ್ಟು ಹೇಳು."

ಹೇಳಿದಳು. ಇಂದು ಒಂದೂ ತಪ್ಪಿಲ್ಲ. ನಲ್ಲಿಯ ವಿಷಯ ಕೊನೆಯಲ್ಲಿದೆ — ಎಷ್ಟು ಮೃದುವಾಗಿ, ಎಷ್ಟು ಘನತೆಯಿಂದ ಹೆಣೆದಿದ್ದೇನೆ!

ಮನೆಯವಳು ಒಳಗಿನಿಂದಲೇ: "ಅಷ್ಟು ಹೊತ್ತು ಕೂತು ಕೇಳೋರು ಯಾರ್ರೀ? ಬೇಕಾದ್ದನ್ನ ಮೊದಲು ಹೇಳಿಸಿ."

ಭಾಷಣಕಲೆ ಇವಳಿಗೇನು ಗೊತ್ತು ಎಂದುಕೊಂಡೆ.

ಮಾರ್ಚ್ ೧೫, ಸಂಜೆ

ಸಭೆ ಮುಗಿಯಿತು. ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೬

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಶಾಲೆಯ ಸಭಾಂಗಣ. ಬ್ಯಾಂಕಿನ ಮೇಡಂ, ಅವರ ಪಕ್ಕದಲ್ಲಿ ದುಭಾಷಿ ಹುಡುಗಿ. ಪ್ರತಿಯೊಬ್ಬರಿಗೂ ಐದು ನಿಮಿಷ. ನನ್ನ ಮುಂದೆ ಗಂಟೆ, ಗಡಿಯಾರ.

ಗಿರಗಿಟ್ಲೆ ಎದ್ದಳು. ಸ್ಪಷ್ಟ ಉಚ್ಚಾರ, ತಗ್ಗಿದ ಕಣ್ಣು. ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ಚಿರಋಣಿಗಳು" ಎಂದದ್ದೇ ಚಪ್ಪಾಳೆ. ಅದು ನಿಲ್ಲುವವರೆಗೆ ಕಾದು, ಉಸಿರೆಳೆದುಕೊಂಡು, "ಕೊನೆಯದಾಗಿ ನಮ್ಮದೊಂದು —" ಎಂದಳು.

ಇಂಜಿನಿಯರು ನನ್ನತ್ತ ನೋಡಿ ಕೈಗಡಿಯಾರ ಮುಟ್ಟಿದರು.

ಗಂಟೆ ಬಾರಿಸಿದೆ.

ತಟ್ಟನೆ ಕೂತಳು. ಆ ಗಂಟೆಗೆ ಜನ್ಮದಲ್ಲಿ ಕೂತವಳಲ್ಲ.

ಹೊರಗೆ ಓಡಿಬಂದು, "ಎಲ್ಲೂ ತಡವರಿಸ್ಲಿಲ್ಲ ಅಲ್ವಾ ಮೇಷ್ಟ್ರೇ? ಆದ್ರೆ ಉದ್ದ ಆಗೋಯ್ತು, ನಂದೇ ತಪ್ಪು. ನಲ್ಲಿ ವಿಷ್ಯ ನೀವು ಅವರಿಗೆ ಹೇಳ್ತೀರಲ್ಲ?" ಎಂದಳು.

"ಹೂಂ" ಎಂದೆ. ಮೇಡಂ ಕಾರು ಆಗಲೇ ಗೇಟು ದಾಟಿತ್ತು.

ಮಾರ್ಚ್ ೨೯

ಪತ್ರಿಕೆಯಲ್ಲಿ ಸುದ್ದಿ. ಸಾಲದ ಎರಡನೆಯ ಕಂತು ಮಂಜೂರು. ಸ್ಥಳೀಯ ಮಹಿಳೆಯರ ಪೂರ್ಣ ಸಮ್ಮತಿ. ಗಿರಗಿಟ್ಲೆಯ ಚಿತ್ರ. ಅದರಡಿ ನನ್ನ ವಾಕ್ಯ — ಔದಾರ್ಯ, ಚಿರಋಣ. ಒಂದಕ್ಷರ ಬದಲಾಗಿಲ್ಲ.

ಇಂಜಿನಿಯರಿಗೆ ಫೋನ್ ಮಾಡಿದೆ. "ಸಭೇಲಿ ಯಾರಾದ್ರೂ ಆಕ್ಷೇಪ ಎತ್ತಿದ್ರೆ ನಲ್ಲಿ ಮುಚ್ಚೋದನ್ನ ನಿಲ್ಲಿಸ್ಲೇಬೇಕಿತ್ತು ಸಾರ್. ಯಾರೂ ಎತ್ತಲಿಲ್ವಲ್ಲ. ನೀವೇ ಇದ್ರಲ್ಲ."

ನಾನೇ ಇದ್ದೆ.

ಏಪ್ರಿಲ್ ೪

ನಲ್ಲಿ ಕಿತ್ತರು. ಇದ್ದ ಜಾಗಕ್ಕೆ ಸಿಮೆಂಟು ಮೆತ್ತಿದ್ದಾರೆ. ಓಣಿಯವರು ದೊಡ್ಡ ರಸ್ತೆಯಾಚೆ ಟ್ಯಾಂಕರು ಕಾಯುತ್ತಾರೆ. ಅಡುಗೆಗೇ ಸಾಕಾಗದ ನೀರಿನಲ್ಲಿ ಗಿರಗಿಟ್ಲೆ ಯಾರ ಬಟ್ಟೆ ಒಗೆದಾಳು? ಬಹಳ ಮನೆಗಳ ಕೆಲಸ ಕೈತಪ್ಪಿತಂತೆ.

ಮನೆಯವಳು ಹಿತ್ತಲ ನಲ್ಲಿಗೆ ಪೈಪು ಸಿಕ್ಕಿಸಿ ಗೇಟಿನಾಚೆ ಬಿಟ್ಟಳು. ಕೊಡಗಳು ಸಾಲುಗಟ್ಟಿದವು. ಸಂಜೆ ಯೋಜನೆಯ ಕಡೆಯವನೊಬ್ಬ ಬಂದು, ಇದು ನಿಯಮಕ್ಕೆ ವಿರುದ್ಧ, ನಿಮ್ಮಂಥವರೇ ಹೀಗೆ ಮಾಡಿದ್ರೆ ಹೇಗೆ ಎಂದ.

ಪೈಪು ಸುತ್ತಿ ಒಳಗಿಟ್ಟದ್ದು ನಾನು.

ಏಪ್ರಿಲ್ ೫

ಅಂಗಿಗಳು ಬಂದವು. ಕಾಲರು ಎಂದಿನಂತೆ ಬೆಳ್ಳಗೆ, ತೋಳಿನ ಮೇಲೆ ಕತ್ತಿಯಂಥ ಗೀಟು.

"ನೀರೆಲ್ಲಿತ್ತೇ ನಿನಗೆ?"

"ನಿಮ್ಮದು ಬಿಡೋಕಾಗುತ್ತಾ ಮೇಷ್ಟ್ರೇ. ಮುಂದಿನ ಸಲ ಸಭೆ ಕರೀರಿ, ನಾನು ಟೈಮೊಳಗೆ ಮುಗಿಸ್ತೀನಿ. ಮನೇಲಿ ದಿನಾ ಪ್ರಾಕ್ಟೀಸ್ ಮಾಡ್ತಿದೀನಿ."

ಬಾಯಿ ತೆರೆದೆ. ಮತ್ತೆ ಅದೇ "ಹೂಂ" ಬಂತು.

ಏಪ್ರಿಲ್ ೬, ಬೆಳಿಗ್ಗೆ

ಆ ಅಂಗಿ ತೊಡಲಿಲ್ಲ. ಹಳೆಯದೊಂದನ್ನು ಹಾಕಿಕೊಂಡು ಓಣಿಗೆ ಹೊರಟಿದ್ದೇನೆ. ಹೇಳಬೇಕಾದ್ದನ್ನು ಇಲ್ಲಿ ಬರೆದು ನೋಡೋಣವೆಂದರೆ, "ನನ್ನ ಪ್ರೀತಿಯ ಶಿಷ್ಯೆ" ಎಂದು ಶುರುವಾಯಿತು. ಹೊಡೆದುಹಾಕಿದೆ. ಪೀಠಿಕೆ ಬೇಡ. ಬೇಕಾದ್ದು ಮೊದಲು.

ಮಗೂ, ನಿನ್ನ ಸಮಯ ಮುಗಿದಿರಲಿಲ್ಲ. ಗಡಿಯಾರ ನನ್ನೆದುರೇ ಇತ್ತು. ಮುಳ್ಳು ನೋಡಿಯೂ ನಾನು ಗಂಟೆ ಬಾರಿಸಿದೆ.