ಬಿಸಿನೀರಿನ ಸದ್ದು

ಮುದ್ದು ಮೊಮ್ಮಗಳೇ,

ನಿನ್ನ ಅಮ್ಮನ ಸೊಂಟನೋವು ಹೇಗಿದೆ? ಚಿಕ್ಕಪ್ಪನ ಕೆಮ್ಮು ಇಳಿಯಿತೇ? ನನ್ನ ಬಲಗಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಪಟ್ಟಿ ಕಟ್ಟಿದ್ದಾರೆ, ಎಡಗಣ್ಣಲ್ಲೇ ಬರೆಯುತ್ತಿದ್ದೇನೆ. ಸಾಲು ಸೊಟ್ಟಗಿದ್ದರೆ ನಗಬೇಡ.

ಸುರಿಯುವಾಗ ಬಿಸಿನೀರಿಗೂ ತಣ್ಣೀರಿಗೂ ಸದ್ದು ಬೇರೆ ಯಾಕೆ ಎಂದು ನೀನು ತರಗತಿಯಲ್ಲಿ ಕೇಳಿದ್ದಕ್ಕೆ ಮೇಷ್ಟ್ರೂ ಸೇರಿ ಎಲ್ಲರೂ ನಕ್ಕರಂತೆ. ಅಂದಿನಿಂದ ನೀನು ಕೈ ಎತ್ತುವುದನ್ನೇ ಬಿಟ್ಟಿದ್ದೀಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ನನಗೆ ಸುಮ್ಮನಿರಲಾಗಲಿಲ್ಲ. ಇವತ್ತು ಬೆಳಿಗ್ಗೆ ವಾರ್ಡಿನ ನರ್ಸಮ್ಮನನ್ನು ಕಾಡಿ ಬೇಡಿ ಪರೀಕ್ಷೆ ಮಾಡಿಸಿದೆ. ನಾನು ಗೋಡೆಗೆ ಮುಖ ಮಾಡಿ ಕೂತೆ. ಆಕೆ ಒಂದೇ ಎತ್ತರದಿಂದ, ಒಂದೇ ಥರದ ಲೋಟಗಳಿಗೆ ನೀರು ಸುರಿದರು.

"ಅಜ್ಜಾ, ಕದ್ದು ನೋಡೋ ಹಾಗಿಲ್ಲ!"

"ಇರೋದೇ ಒಂದು ಕಣ್ಣು ತಾಯಿ, ಅದನ್ನೂ ಮುಚ್ಚಿದೀನಿ. ಸುರೀರಿ."

ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾಗಿ ಹೇಳಿದೆ! ತಣ್ಣೀರಿನ ಸದ್ದು ತೆಳ್ಳಗೆ, ಚುರುಕು. ಬಿಸಿನೀರಿನದು ಮೆತ್ತಗೆ, ದಪ್ಪ. ತಪ್ಪಿದ ಸಲ ನೀರು ಆರಿಹೋಗಿತ್ತಂತೆ. ಯಾಕೆ ಹೀಗೆ ಎಂದು ಡಾಕ್ಟರನ್ನು ಕೇಳಿದರೆ, "ನಂಗೂ ಗೊತ್ತಿಲ್ಲ ಅಜ್ಜ" ಎಂದರು. ನೋಡು, ಅಷ್ಟು ಓದಿದವರಿಗೂ ತಿಳಿಯದ್ದನ್ನು ನೀನು ಕೇಳಿದ್ದೀಯ.

ಈ ಕಾರ್ಡು ತಲುಪಿದ ಮರುದಿನವೇ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿ. ಕೈ ಎತ್ತಿ, ಎದ್ದು ನಿಂತು, ನಕ್ಕವರನ್ನೇ ಕಣ್ಣು ಮುಚ್ಚಿಸಿ ಕೂರಿಸು. ಸುರಿಯುವ ಕೆಲಸ ಮಾತ್ರ ಮೇಷ್ಟ್ರಿಗೆ ಬಿಡು, ಕೈ ಸುಟ್ಟುಕೊಂಡೀಯ.

ಏನಾಯಿತೆಂದು ಕೂಡಲೇ ಬರಿ. ಪಟ್ಟಿ ಬಿಚ್ಚಿದ ಮೇಲೆ ನಾನು ಎರಡೂ ಕಣ್ಣಲ್ಲಿ ಓದುವ ಮೊದಲ ಕಾಗದ ನಿನ್ನದೇ ಆಗಬೇಕು.

ನಿನ್ನ ಅಜ್ಜ