ಬೆಳ್ಕೋಡಿಗೆ ಒಬ್ಬ ಸಾಕ್ಷಿ ಬೇಕು

ನಾಲ್ಕನೆಯ ರಸ್ತೆಯ ಹತ್ತೊಂಬತ್ತನೆಯ ವರ್ಷ
ಮೇಷ ಮಾಸ, ದೊಡ್ಡ ಇಳಿತದ ಹಿಂದಿನ ದಿನ

ಹಿಂದಿನವರಿಗೆ ಜಲಜಾ ಮಾಡುವ ನಮಸ್ಕಾರ.

ಮೇಲಿನ ತಾರೀಕು ನಿಮಗೆ ಅರ್ಥವಾಗುವುದಿಲ್ಲ ಎಂದು ಗೊತ್ತು. ಕಡಲು ಒಂದು ರಸ್ತೆಯನ್ನು ನುಂಗಿದ ಮೇಲೆ ನಾವು ಒಳಗಡೆ ಇನ್ನೊಂದು ರಸ್ತೆ ಕಟ್ಟುತ್ತೇವೆ. ಅಂದಿನಿಂದ ವರ್ಷವನ್ನು ಮತ್ತೆ ಒಂದರಿಂದ ಎಣಿಸುತ್ತೇವೆ. ನೀವು ಈಗ ಕಾರಿನಲ್ಲಿ ಓಡಾಡುತ್ತಿರುವುದು ಮೊದಲನೆಯ ರಸ್ತೆಯಲ್ಲಿ. ನಿಮ್ಮ ಎಣಿಕೆಯಲ್ಲಿ ನಾನು ಎರಡು ಸಾವಿರದ ನೂರ ಎಪ್ಪತ್ತರ ಆಸುಪಾಸಿನವಳು. ನನ್ನ ಕನ್ನಡದಲ್ಲಿ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ಹಳೆಯ ಮಾತುಗಳು ಸಾಲದೆ ಹೋದಾಗ ಹೊಸದನ್ನು ಮಾಡಿಕೊಂಡೆವು, ಅಷ್ಟೇ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಕಳಿಸುವ ವ್ಯವಸ್ಥೆ. ಅದು ಹೇಗೆ ನಡೆಯುತ್ತದೆಂದು ನನ್ನನ್ನು ಕೇಳಬೇಡಿ, ನಾನು ಗಾಡಿ ಓಡಿಸುವವಳು. ಯಾವ ವರ್ಷಕ್ಕೆ, ಯಾರ ಕೈಗೆ ಎಂದು ಆರಿಸಿಕೊಳ್ಳಲು ನಮಗೆ ಬಿಡುವುದಿಲ್ಲ, ಉತ್ತರವೂ ಬರುವುದಿಲ್ಲ. ನನಗಿಂತ ಮೊದಲು ಎಷ್ಟೋ ಮಂದಿ ನಿಮ್ಮನ್ನು ಎಚ್ಚರಿಸಲು ಬರೆದಿದ್ದಾರೆ. ಓದಿ ನೀವೇನು ಮಾಡಿದಿರಿ ಎಂಬುದಕ್ಕೆ ನಮ್ಮ ಅಂಗಳದಲ್ಲಿ ನಿಂತ ಉಪ್ಪುನೀರೇ ಉತ್ತರ. ಹಾಗಾಗಿ ಎಚ್ಚರಿಸಲು ನಾನು ಬರೆಯುತ್ತಿಲ್ಲ. ನನಗೆ ಒಬ್ಬ ಸಾಕ್ಷಿ ಬೇಕಾಗಿದೆ. ಸುಗುಣ ಎಂಬ ಹುಡುಗಿಯ ಕೂಸು ಮುಂದಿನ ಮಳೆಗಾಲ ಕಳೆಯುವುದು ಆ ಸಾಕ್ಷಿಯ ಮೇಲೆ ನಿಂತಿದೆ. ಅದಕ್ಕೆ ತಕ್ಕವರು ನಮ್ಮ ಕಾಲದಲ್ಲಿ ಯಾರೂ ಉಳಿದಿಲ್ಲ.

ನೀವು ಹೇಗೆ ಪ್ರಯಾಣ ಮಾಡುತ್ತೀರೆಂದು ನನಗೆ ಗೊತ್ತು, ನಿಮ್ಮ ಚಿತ್ರಗಳು ರಾಶಿ ರಾಶಿ ಉಳಿದಿವೆ. ಬೆಳಿಗ್ಗೆ ತಿಂಡಿ ಮುಗಿಸಿ, ಒಂದು ದಿನದ ಮಟ್ಟಿಗೆ ಡ್ರೈವರ್ ಸಮೇತ ಕಾರು ಮಾಡಿಕೊಂಡು ಉತ್ತರಕ್ಕೆ ಹೊರಡುತ್ತೀರಿ. ಡ್ರೈವರೇ ಗೈಡು. ಅವನು ನಿಲ್ಲಿಸಿದಲ್ಲಿ ಇಳಿಯುತ್ತೀರಿ, ತೋರಿಸಿದ್ದನ್ನು ನೋಡುತ್ತೀರಿ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ. ನಡುವಿನ ರಸ್ತೆಯಲ್ಲಿ ಎರಡೂ ಕೈ ಚಾಚಿ ನಿಂತು ಫೋಟೊ ತೆಗೆಸಿಕೊಳ್ಳುತ್ತೀರಿ. ಆಮೇಲೆ ಮೀನೂಟ. ಹಿಂದಿನ ಸೀಟಿನಲ್ಲಿ ಯಾರಾದರೊಬ್ಬರು ನಿದ್ದೆ ಹೋಗುತ್ತಾರೆ. ಡ್ರೈವರ್ ಹೇಳುವ ಊರುಗಳ ಹೆಸರು ನಿಮ್ಮ ಕಿವಿಗೆ ಬಿದ್ದು ಹಾಗೇ ಹೊರಗೆ ಹೋಗುತ್ತದೆ. ಇದನ್ನು ಮೂದಲಿಸಲು ಹೇಳುತ್ತಿಲ್ಲ. ನಿಮಗೆ ಆ ಊರುಗಳು ನಾಳೆಯೂ ಇರುವಂಥವಾಗಿದ್ದವು, ಯಾಕೆ ನೆನಪಿಟ್ಟುಕೊಳ್ಳಬೇಕು?

ನಾನೂ ಅದೇ ಕೆಲಸದವಳು. ನಮ್ಮಲ್ಲಿ ಗಾಡಿ ಓಡಿಸುತ್ತ ದಾರಿ ತೋರಿಸುವವನು ದಾರಿಗ, ಹೆಂಗಸಾದರೆ ದಾರಿಗಿತ್ತಿ. ಘಟ್ಟದ ಮೇಲಿನ ಜನ ಒಂದು ದಿನಕ್ಕೆ ನಮ್ಮನ್ನು ಗೊತ್ತುಮಾಡಿಕೊಂಡು ಕಡಲು ನೋಡಲು ಇಳಿಯುತ್ತಾರೆ. ಗಾಡಿಯ ಚಕ್ರಗಳು ಆಳೆತ್ತರ. ಇಳಿತದ ಹೊತ್ತಿಗೆ ಸರಿಯಾಗಿ ಹೊರಟರೆ ಮೂರನೆಯ ರಸ್ತೆಯ ಬೆನ್ನು ನೀರಿನಿಂದ ಮೇಲೆ ಏಳುತ್ತದೆ, ಅದರ ಮೇಲೆ ಓಡಿಸುತ್ತೇವೆ. ಭರತ, ಎಂದರೆ ಕಡಲಿನ ಉಬ್ಬರ, ಏರುವ ಮೊದಲು ತಿರುಗಿ ಬರಬೇಕು. ಒತ್ತಿನೆಣೆಯ ಗುಡ್ಡ ಈಗ ದ್ವೀಪ. ಅದರಾಚೆ ಕಡಲು ಬಹಳ ಚೆಂದ ಕಾಣುತ್ತದೆ. ಕಡಲಿಗೆ ಚೆಂದ ಕಾಣುವುದಕ್ಕೆ ನಾಚಿಕೆಯೆಂಬುದೇ ಇಲ್ಲ. ಬಂದವರು ಬುತ್ತಿ ಬಿಚ್ಚಿ ಹಲಸಿನ ಹಪ್ಪಳ ಮೆಲ್ಲುತ್ತ, ಬಂಗುಡೆ ಮೀನು ಎಷ್ಟು ದೊಡ್ಡದಿತ್ತು ಎಂದು ಕೇಳುತ್ತಾರೆ. ನಾನು ಕೈಯಲ್ಲಿ ಅಳತೆ ತೋರಿಸುತ್ತೇನೆ. ಪ್ರತಿ ಸಲ ಸ್ವಲ್ಪ ದೊಡ್ಡದಾಗುತ್ತದೆ. ಯಾರಿಗೂ ನಷ್ಟವಿಲ್ಲವಲ್ಲ.

ಇದು ನೋಟದ ಪ್ರಯಾಣವಾಯಿತು. ಇನ್ನೊಂದಿದೆ, ಅದಕ್ಕೆ ಬಿಡುಪ್ರಯಾಣ ಎನ್ನುತ್ತೇವೆ. ಮುಳುಗಿದ ಊರಿನಲ್ಲಿ ಹುಟ್ಟಿದವರು ಒಬ್ಬರಾದರೂ ಬದುಕಿರುವ ತನಕ ಆ ಊರು ದಡಮಂಡಳಿಯ ಪಟ್ಟಿಯಲ್ಲಿರುತ್ತದೆ. ದಡಮಂಡಳಿ ಎಂದರೆ ನಮ್ಮ ಸರಕಾರ, ಕಡಲು ಬಿಟ್ಟುಕೊಟ್ಟಷ್ಟರ ಮೇಲೆ ಅಧಿಕಾರ ನಡೆಸುವಂಥದ್ದು. ಪಟ್ಟಿಯಲ್ಲಿರುವ ಊರಿಗೆ ಒಂದು ಕೂಗುಗಂಬ ಇರುತ್ತದೆ. ನೀರು ಏರಿದರೆ ಅದು ಕೂಗುತ್ತದೆ, ಆ ಕೂಗಿಗೆ ಅಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ದೋಣಿ ಹೋಗುತ್ತದೆ. ಊರನ್ನು ಬಿಟ್ಟೆವು ಎಂದು ಊರಿನವರೇ ಹೇಳಿದರೆ ಕಂಬ ನಿಲ್ಲುತ್ತದೆ, ಬದಲಿಗೆ ಆ ಊರಿನ ಕುಟುಂಬಗಳಿಗೆ ಘಟ್ಟದ ಮೇಲೆ ಜಾಗ ಸಿಗುತ್ತದೆ. ಹೇಳದವರು ಕೆಳಗೆ ನೀರಿನಂಚಿನ ದಿಬ್ಬದಲ್ಲೇ ಇರಬೇಕು. ದಿಬ್ಬದ ಮಳೆಗಾಲದ ಜ್ವರಕ್ಕೆ ದೊಡ್ಡವರು ಹೇಗೋ ತಡೆಯುತ್ತಾರೆ, ಕೂಸುಗಳು ತಡೆಯುವುದಿಲ್ಲ.

ಮೊದಲು ಇದಕ್ಕೆ ಸಹಿ ಸಾಕಿತ್ತು. ಜನ ಸಹಿ ಹಾಕಿ ಮೇಲೆ ಹೋದರು, ಮನಸ್ಸು ತಡೆಯದೆ ಮಳೆಗಾಲದಲ್ಲಿ ಕದ್ದು ಇಳಿದು ಬಂದು ಸತ್ತರು. ಆಗ ಮಂಡಳಿಯವರು, ಈ ಕರಾವಳಿಯವರನ್ನು ಕಟ್ಟಿಹಾಕುವುದು ಯಾವುದು ಎಂದು ವಿಚಾರಿಸಿದರಂತೆ. ಯಾರೋ ಹೇಳಿದರಂತೆ: ಇವರು ಹೊಸ್ತಿಲು ದಾಟುವಾಗ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಹೋಗುತ್ತೇನೆ ಎಂದವರು ತಿರುಗಿ ಬರುವುದಿಲ್ಲ ಎಂದು ನಂಬುತ್ತಾರೆ. ನಿಮಗೂ ಇದು ಗೊತ್ತಿರುವುದೇ. ಅಂಗಡಿಗೆ ಉಪ್ಪು ತರಲು ಹೋಗುವವರೂ ಬರುತ್ತೇನೆ ಎಂದೇ ಹೊರಡುತ್ತಾರೆ, ಬಾಯಿತಪ್ಪಿ ಹೋಗುತ್ತೇನೆ ಎಂದರೆ ಅಜ್ಜಿಯಂದಿರು ಬಾಯಿಗೆ ಹೊಡೆಯುತ್ತಾರೆ. ಮಂಡಳಿ ಅದನ್ನೇ ನಿಯಮ ಮಾಡಿತು. ಊರಿನಲ್ಲಿ ಹುಟ್ಟಿದವರೊಬ್ಬರು ಊರಿನ ಎದುರು ನಿಂತು, ಬಾಯಿಬಿಟ್ಟು, ನಾನು ಹೋಗುತ್ತೇನೆ ಎನ್ನಬೇಕು. ಅದೇ ಬಿಡುಮಾತು. ನಮ್ಮ ಅಜ್ಜಿಯಂದಿರ ಅಂಜಿಕೆಯಿಂದ ನಮಗೇ ಬೀಗ ಮಾಡಿದರು. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಸಾಕ್ಷಿಯ ನಿಯಮ ಆಮೇಲೆ ಬಂದದ್ದು. ಊರು ಮುಳುಗಿದವರು ಊರಿನ ಹೆಸರನ್ನೂ ಹೊತ್ತುಕೊಂಡು ಹೋಗಿ ತಾವು ಸೇರಿದ ದಿಬ್ಬಗಳಿಗೆ ಇಡುತ್ತಾರೆ. ಒಮ್ಮೆ ಒಂದು ಕುಟುಂಬ ತನ್ನ ಮುಳುಗಿದ ಊರೆಂದುಕೊಂಡು, ಅದೇ ಹೆಸರಿನ, ಜನ ಇನ್ನೂ ಅಡುಗೆ ಮಾಡಿಕೊಂಡಿದ್ದ ದಿಬ್ಬದ ಎದುರು ನಿಂತು ಬಿಡುಮಾತು ಆಡಿತು. ಮಂಡಳಿ ಕಂಬ ನಿಲ್ಲಿಸಿತು. ಆ ಮಳೆಗಾಲ ಅಲ್ಲಿಗೆ ದೋಣಿ ಹೋಗಲಿಲ್ಲ. ಅಂದಿನಿಂದ, ಬಿಡುಮಾತನ್ನು ಕೇಳುವವರು ಆ ಊರನ್ನು ಒಣನೆಲದ ಮೇಲೆ ಕಣ್ಣಾರೆ ಕಂಡವರೇ ಆಗಿರಬೇಕು ಎಂದಾಯಿತು.

ನನ್ನೂರು ಬೆಳ್ಕೋಡಿ. ಅಲ್ಲಿ ಹುಟ್ಟಿ ಬದುಕಿ ಉಳಿದವರು ಇಬ್ಬರೇ, ನಾನು ಮತ್ತು ಮೂಕಾಂಬು. ಅವಳು ನನಗಿಂತ ಬಹಳ ಹಿರಿಯಳು. ಊರು ಹೋಗು ಎನ್ನುವ, ಕಾಡು ಬಾ ಎನ್ನುವ ವಯಸ್ಸು. ನಮ್ಮ ಮಟ್ಟಿಗೆ ಹೋಗು ಎನ್ನುವುದಕ್ಕೆ ಊರೇ ಇರಲಿಲ್ಲ, ಅದು ಬೇರೆ ಮಾತು. ಸುಗುಣ ಅವಳ ಮೊಮ್ಮಗಳು. ಹೋದ ಮಳೆಗಾಲದಲ್ಲಿ ಸುಗುಣಳ ಮೊದಲ ಮಗು ದಿಬ್ಬದ ಜ್ವರದಲ್ಲಿ ತೀರಿಕೊಂಡಿತು. ಈಗ ಎರಡನೆಯದು ತೋಳಿನಲ್ಲಿದೆ. ಕುಂಭ ಮಾಸದ ದೊಡ್ಡ ಇಳಿತದಂದು ಅವರಿಬ್ಬರೂ ಕೂಸನ್ನು ಎತ್ತಿಕೊಂಡು ನನ್ನ ಗಾಡಿ ಹತ್ತಿದರು. ಮೂಕಾಂಬು ಬಿಡುಮಾತು ಆಡುವುದು, ನಾನು ಸಾಕ್ಷಿ ಎಂದು ಮಾತಾಗಿತ್ತು.

ದಾರಿಯುದ್ದಕ್ಕೂ ಅವಳು ಖುಷಿಯಲ್ಲಿದ್ದಳು, ಅದೇ ನನಗೆ ಹೆದರಿಕೆಯಾಯಿತು. ಪಾಚಿಯ ಮೇಲೆ ಚಕ್ರ ಜಾರಿದಾಗ, "ಎಂತ ಹೆಣೆ, ಗಾಡಿ ಬಿಡುಕ್ ಬತ್ತಾ ಇಲ್ಯಾ?" ಎಂದು ಹಿಂದಿನಿಂದ ಕುಟುಕಿದಳು. ನೀರಿನೊಳಗೆ ಕಪ್ಪಗೆ ನಿಂತ ತೆಂಗಿನ ಬೊಡ್ಡೆಗಳನ್ನು ನೋಡಿ ಯಾರ ಯಾರ ತೋಟವೆಂದು ಹೇಳಿದಳು. ಬೆಳ್ಕೋಡಿಯ ಎದುರು ನಾನು ಗಾಡಿ ನಿಲ್ಲಿಸಿದೆ. ಶಾಲೆಯ ಹೆಂಚಿನ ಮಾಡಿನ ಏಣು, ಭಜನಾ ಮಂದಿರದ ಗೋಡೆಯ ಒಂದು ತುಂಡು, ಕೂಗುಗಂಬ. ಕಾಣುವುದು ಇಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಮೂಕಾಂಬು ಸೀರೆ ಎತ್ತಿಕಟ್ಟಿ ನೀರಿಗಿಳಿದು ಮುಖ ತೊಳೆದುಕೊಂಡಳು. ಮಂದಿರದ ಕಡೆ ಕೈ ಮುಗಿದಳು. ಬಾಯಿ ತೆರೆದಾಗ ಬಂದದ್ದು, "ಬತ್ತೆ ಅಕಾ", ಬರುತ್ತೇನೆ ಎಂಬ ಮಾತು. ಹುಟ್ಟಿದಾಗಿನಿಂದ ಆಡಿದ ಮಾತು, ಅದು ತಾನಾಗಿಯೇ ಬಂತು.

ಸುಗುಣ ಕೂಸನ್ನು ಅವಳ ಮುಂದೆ ಹಿಡಿದಳು. "ಒಂದ್ ಸಲ ಹೇಳ್ ಅಜ್ಜಿ. ಮಗಿನ್ ಮೋರೆ ಕಾಣ್. ಹ್ವಾದ್ ವರ್ಷ ಒಂದನ್ನ ಮಣ್ಣಿಗ್ ಹಾಕಿ ಬಂದೆ, ಇದನ್ನೂ ಹಾಕ್ಕಾ?" ಎಂದಳು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. ಮೂಕಾಂಬು ಕೂಸಿನ ಮುಖ ಸವರಿದಳು, ಮತ್ತೆ ಪ್ರಯತ್ನಿಸಿದಳು. "ಬಾಯಲ್ ಬತ್ತಿಲ್ಲೆ ಮಗಾ" ಎಂದಳು. ನೀರು ಚಕ್ರದ ಅರ್ಧಕ್ಕೆ ಏರುತ್ತಿತ್ತು. ನಾನೂ ಅಲ್ಲೇ ಹುಟ್ಟಿದವಳು. ಹಾಗಾದರೆ ನಾನು ಹೇಳುತ್ತೇನೆ, ನೀನು ಕೇಳು, ಇಬ್ಬರಲ್ಲಿ ಯಾರು ಹೇಳಿದರೂ ನಡೆಯುತ್ತದೆ ಎಂದೆ. ಆಗ ಆ ಮುದುಕಿ ಎರಡೂ ಅಂಗೈಯಿಂದ ಕಿವಿ ಒತ್ತಿ ಮುಚ್ಚಿಕೊಂಡಳು. "ಹುಟ್ಟಿದ್ ಮನಿ ಎದ್ರ್ ನಿಂತ್ಕಂಡ್ ಆ ಮಾತ್ ಆಡುಕಾತ್ತಾ? ನನ್ ಕಿವಿಗ್ ಅದ್ ಬೀಳೂಕಾಗ" ಎಂದು ಕಣ್ಣೂ ಮುಚ್ಚಿಕೊಂಡಳು. ಸುಗುಣ ಅವಳ ಕೈ ಎಳೆದಳು. ಮೀನು ಹೊತ್ತ ಕೈ ಅದು, ಬಿಡಿಸಲಾಗಲಿಲ್ಲ. ಭರತ ಏರಿತು, ನಾವು ತಿರುಗಿ ಬಂದೆವು. ಅವಳ ಮೇಲೆ ನನಗೆ ಕೋಪವೂ ಬಂತು, ಹೊಟ್ಟೆಕಿಚ್ಚೂ ಆಯಿತು. ಅಷ್ಟು ಗಟ್ಟಿಯಾಗಿ ಯಾವುದನ್ನೂ ಹಿಡಿದುಕೊಳ್ಳಲು ನನಗೆ ಆಗಿಲ್ಲ.

ಮೀನ ಮಾಸ ಮುಗಿಯುವುದರೊಳಗೆ ಮೂಕಾಂಬು ಜ್ವರ ಬಂದು ತೀರಿಕೊಂಡಳು. ಕೊನೆಗೆ ಸುಗುಣಳ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದಳಂತೆ. ಏನೆಂದು ಯಾರಿಗೂ ಕೇಳಿಸಲಿಲ್ಲ. ಈಗ ಬೆಳ್ಕೋಡಿಯವಳು ನಾನೊಬ್ಬಳೇ. ಹೇಳಲು ನಾನಿದ್ದೇನೆ, ಕೇಳಲು ಯಾರೂ ಇಲ್ಲ. ಸುಗುಣ ಮಂಡಳಿಗೆ ಅಲೆದು ಬಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಅಲ್ಲಿನ ಗುಮಾಸ್ತ ಬೇರೊಂದು ಉದಾಹರಣೆ ಬೇಡವೆನ್ನುವಂತಿದ್ದಾನೆ. ಊರನ್ನು ಕಂಡವರನ್ನು ಕರೆದು ತನ್ನಿ ಎಂದನಂತೆ. ನಿಯಮವನ್ನು ನಾನು ಮತ್ತೆ ಮತ್ತೆ ಓದಿದೆ. ಸಾಕ್ಷಿ ಊರನ್ನು ಒಣನೆಲದ ಮೇಲೆ ಕಂಡಿರಬೇಕು ಎಂದಿದೆ. ಸಾಕ್ಷಿ ಬದುಕಿರಬೇಕು ಎಂದು ಎಲ್ಲಿಯೂ ಇಲ್ಲ. ಹಿಂದಂಚೆಗೆ ಹಾಕಿದ ಪತ್ರ ತಲುಪಿದ್ದೇ ಎಂದು ಲೆಕ್ಕ, ಅದೂ ಅವರದೇ ನಿಯಮ. ಗುಮಾಸ್ತ ತಲೆ ಕೆರೆದುಕೊಂಡು ಒಪ್ಪಿದ್ದಾನೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಆ ದಾರಿಯಲ್ಲಿ ಒಮ್ಮೆ ಕಾರಿನಲ್ಲಿ ಹೋಗಿದ್ದರೆ ನೀವು ಬೆಳ್ಕೋಡಿಯನ್ನು ಕಂಡಿದ್ದೀರಿ. ಸೇತುವೆ ದಾಟಿದ ಮೇಲೆ ಐಸ್ ಪ್ಲಾಂಟ್, ಅದರ ಪಕ್ಕ ಬಲೆ ಹೆಣೆಯುವವರು, ಮರಳಿನ ಮೇಲೆ ಹರವಿದ ಒಣಮೀನು. ವಾಸನೆಗೆ ನೀವು ಕಾರಿನ ಗಾಜು ಏರಿಸಿದಿರಿ. ಡ್ರೈವರ್ ಎಳನೀರಿಗೆಂದು ನಿಲ್ಲಿಸಿದ. ಎಳನೀರು ಕೆತ್ತಿಕೊಟ್ಟ ಹೆಂಗಸು ನಮ್ಮ ಮುತ್ತಜ್ಜಿಯ ಕಡೆಯವಳೋ, ಮೂಕಾಂಬುವಿನ ಕಡೆಯವಳೋ ಇರಬೇಕು. ಅವಳ ಮುಖವನ್ನು ನೀವು ನೋಡಿರಲಿಕ್ಕಿಲ್ಲ. ಪರವಾಗಿಲ್ಲ. ಕಿಟಕಿಯಿಂದ ಅರೆಗಳಿಗೆ ನೋಡಿದ್ದರೂ ನಿಯಮಕ್ಕೆ ಸಾಕು. ಒಂದು ಊರಿನ ಕೊನೆಯ ಮಾತು ಕೇಳುವ ಅರ್ಹತೆ ಇಷ್ಟು ಸುಲಭವಾಗಿ ನಿಮಗೆ ಸಿಕ್ಕಿದೆ, ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ಆದರೆ ಕೂಸಿಗೆ ನ್ಯಾಯ ಬೇಕಿಲ್ಲ, ಜಾಗ ಬೇಕು.

ನಾಳಿನ ಇಳಿತಕ್ಕೆ ನಾನು ಖಾಲಿ ಗಾಡಿಯಲ್ಲಿ ಅಲ್ಲಿಗೆ ಹೋಗುತ್ತಿದ್ದೇನೆ. ಆ ಮಾತನ್ನು ಅಲ್ಲಿ ಗಾಳಿಗೆ ಆಡುತ್ತೇನೆ, ಇಲ್ಲಿ ನಿಮಗೆ ಬರೆಯುತ್ತೇನೆ. ಆಡಿದ ಮೇಲೆ ಕಂಬದ ತಂತಿ ಕತ್ತರಿಸುವುದು ದಾರಿಗಿತ್ತಿಯ ಕೆಲಸ, ಅದನ್ನೂ ನಾನೇ ಮಾಡುತ್ತೇನೆ. ಇದನ್ನು ಓದುವಾಗ ನಿಮಗೆ ಅಯ್ಯೋ ಅನ್ನಿಸಬಹುದು, ಕಾಗದವನ್ನು ಮಡಚಿ ಪಕ್ಕಕ್ಕಿಡಬೇಕು ಅನ್ನಿಸಬಹುದು. ಕೊನೆಯ ಸಾಲಿನ ತನಕ ಓದಿ, ಅಷ್ಟು ಮಾಡಿ. ಅದಕ್ಕಿಂತ ಹೆಚ್ಚಿನದನ್ನು ನಿಮ್ಮಿಂದ ನಾನು ಕೇಳುವುದಿಲ್ಲ.

ಬೆಳ್ಕೋಡಿಯಲ್ಲಿ ಹುಟ್ಟಿದ ಜಲಜಾ ನಾನು, ಬೆಳ್ಕೋಡಿಯನ್ನು ಕಂಡ ನಿಮ್ಮ ಎದುರಿನಲ್ಲಿ ಹೇಳುತ್ತಿದ್ದೇನೆ.

ನಾನು ಹೋಗುತ್ತೇನೆ.